ಗೋಡೆ ಕಡೆಯ ಎಲೆ

ಜೂನ್ 4

ಇದು ಕಚೇರಿಯ ಪುಸ್ತಕ. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಟ್ಟೆ, ಎಷ್ಟು ಹೊತ್ತಿಗೆ ನಿಲ್ಲಿಸಿದೆ ಎಂದು ಬರೆಯಲು ಕೊಟ್ಟದ್ದು. ಹೋದ ವರ್ಷದ್ದರಲ್ಲಿ ಅರ್ಧ ಹಾಗೇ ಉಳಿದಿತ್ತು, ಮನೆಗೆ ತಂದೆ. ಪ್ರತಿ ಹಾಳೆಯಲ್ಲೂ ನಾಲ್ಕು ಕಲಂ ಅಚ್ಚಾಗಿವೆ: ಬೀದಿ, ಬಿಟ್ಟ ಸಮಯ, ನಿಲ್ಲಿಸಿದ ಸಮಯ, ಷರಾ. ನಾನು ಬರೆಯುವುದೆಲ್ಲ ಷರಾ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ, ಸುಮ್ಮನಿದ್ದು ನನಗೆ ಅಭ್ಯಾಸವಿಲ್ಲ.

ಇಪ್ಪತ್ತಾರು ವರ್ಷದಿಂದ ನೀರುಗಂಟಿ ಕೆಲಸ. ಬೆಳಗಾಗುವ ಮುಂಚೆ ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಹೊರಟು, ಬೀದಿ ಬೀದಿಯ ಗುಂಡಿಯಲ್ಲಿ ವಾಲ್ವ್ ತಿರುಗಿಸುತ್ತೇನೆ. ನನ್ನ ಹೆಸರು ಯಾರಿಗೂ ನೆನಪಿಲ್ಲ. ನೀರಣ್ಣ ಅನ್ನುತ್ತಾರೆ.

ಇವಳು, ನನ್ನ ಹೆಂಡತಿ, ನಿನ್ನೆ ತನ್ನ ತಮ್ಮನ ಮನೆಗೆ ಹೊರಟುಹೋದಳು. ಬಸ್ಸಿನಲ್ಲಿ ಐದು ಗಂಟೆಯ ದಾರಿ.

ಮಗಳು ತೀರಿಕೊಂಡು ಮೂರು ತಿಂಗಳು. ಹದಿನೇಳು ವರ್ಷ. ಒಂಬತ್ತು ದಿನದ ಜ್ವರ. ಅದರ ಬಗ್ಗೆ ಇಷ್ಟೇ.

ಮಗಳು ಹೋದ ಒಂದು ವಾರದೊಳಗೆ ನಾನು ಅವಳ ಬಟ್ಟೆ, ಪುಸ್ತಕ, ಸೈಕಲ್ಲು ಎಲ್ಲವನ್ನೂ ಅವರಿವರಿಗೆ ಕೊಟ್ಟುಬಿಟ್ಟೆ. ಕಣ್ಣೆದುರಿಗಿದ್ದರೆ ಇವಳ ಸಂಕಟ ಆರುವುದಿಲ್ಲ ಎಂದುಕೊಂಡೆ. ಇವಳು ಬಾಗಿಲಲ್ಲಿ ನಿಂತು ನೋಡಿದಳು, ಬೇಡ ಅನ್ನಲಿಲ್ಲ. ಆಮೇಲೆ ಮಾತೇ ಬಿಟ್ಟಳು. ಅವಳ ಪಾಲಿನ ಮಾತನ್ನೂ ನಾನೇ ಆಡಿದೆ. ರೇಡಿಯೋ ಹಾಕಿದೆ. ಗಂಟೆಗೊಂದು ಸಲ ಚಹಾ ಮಾಡಿ ಮುಂದಿಟ್ಟೆ. ನಮ್ಮವ್ವನಿಂದ ಕಲಿತ ಕಥೆಗಳನ್ನು ಗೋಡೆಗೆ ಹೇಳಿದ ಹಾಗೆ ಹೇಳಿದೆ. ನಿನ್ನೆ ಬೆಳಿಗ್ಗೆ ಚಹಾ ತಂದಾಗ ಅವಳು ಚೀಲ ಕಟ್ಟಿಕೊಂಡು ಕೂತಿದ್ದಳು.

“ನಿಮಗೆ ಯಾವುದನ್ನೂ ಅದರ ಪಾಡಿಗೆ ಬಿಡೋಕಾಗಲ್ಲ ಕಣ್ರೀ. ಅವಳ ಸಾಮಾನನ್ನೂ ಬಿಡ್ಲಿಲ್ಲ, ನನ್ನನ್ನೂ ಬಿಡ್ತಿಲ್ಲ.”

ನಾನು ಬಸ್ ನಿಲ್ದಾಣದವರೆಗೆ ಚೀಲ ಹೊತ್ತೆ. ಬಸ್ಸು ಹತ್ತುವಾಗ ಅಂದಳು: “ಹಿತ್ತಿಲ ಮೆಟ್ಟಿಲ ಮೇಲೆ ಅವಳ ಲೋಳೆಸರದ ಕುಂಡ ಇದೆ. ಅದೊಂದು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಯಾರಿಗೂ ಕೊಟ್ಟುಬಿಡಬೇಡಿ. ನಾನು ಬಂದು ತಗೊಂಡು ಹೋಗ್ತೀನಿ.”

ಯಾವಾಗ ಬರುತ್ತಾಳೆ ಎಂದು ಹೇಳಲಿಲ್ಲ. ತೆಗೆದುಕೊಂಡು ಹೋದ ಮೇಲೆ ಮತ್ತೆ ಬರಲು ಇಲ್ಲಿ ಅವಳಿಗೆ ಏನಿದೆ? ಅದನ್ನು ಬಸ್ಸು ಹೋದ ಮೇಲೆ ಯೋಚಿಸಿದೆ.

ಜೂನ್ 5

ಕುಂಡ ನೋಡಿದೆ. ಮೊಣಕೈ ಎತ್ತರದ ಗಿಡ, ಗೋಡೆಗೆ ಒತ್ತಿಕೊಂಡಿದೆ. ದಪ್ಪ ಎಲೆಗಳು, ಅಂಚಿಗೆ ಗರಗಸದ ಹಲ್ಲು. ಬುಡದಲ್ಲಿ ಮೂರು ಮರಿ, ಕೋಳಿಯ ರೆಕ್ಕೆಯಡಿ ಇಣುಕಿದ ಹಾಗೆ.

ಮೊಡವೆಗೆಂದು ತಂದಿದ್ದಳು. ಒಂದು ಎಲೆ ಕೊಯ್ದು, ಸಿಪ್ಪೆ ಸುಲಿದು, ಮುಖಕ್ಕೆಲ್ಲ ಲೋಳೆ ಬಳಿದುಕೊಂಡು ಓಡಾಡುತ್ತಿದ್ದಳು. “ಹಿತ್ತಿಲ ಗಿಡ ಮದ್ದಲ್ಲ ಕಣೇ ಪುಟ್ಟಿ” ಎಂದು ರೇಗಿಸಿದ್ದೆ. “ಅದಕ್ಕೇ ಕಣಪ್ಪ, ಬೇರೆಯೋರ ಹಿತ್ತಿಲಿಂದ ತಂದಿದೀನಿ” ಅಂದಿದ್ದಳು.

ಮಣ್ಣು ಮುಟ್ಟಿ ನೋಡಿದೆ. ಬಿರುಕು ಬಿಟ್ಟಿತ್ತು. ಮೂರು ತಿಂಗಳಿಂದ ಯಾರೂ ಹನಿ ನೀರು ಹಾಕಿಲ್ಲ. ಊರಿಗೆಲ್ಲ ನೀರು ಕೊಡುವವನ ಮನೆಯ ಗಿಡ! ನಾಚಿಕೆಯಾಯಿತು. ಎರಡು ಚೊಂಬು ಹಾಕಿದೆ. ಗಟಗಟನೆ ಕುಡಿಯಿತು.

ಜೂನ್ 9

ಬೀದಿ: ಹಿತ್ತಿಲ ಮೆಟ್ಟಿಲು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಷರಾ: ಗಿಡ ಕ್ಷೇಮ.

ಮೊದಲ ಬೀದಿಯಲ್ಲಿ “ಇನ್ನೊಂದು ಹತ್ತು ನಿಮಿಷ ಬಿಡಣ್ಣ, ಎರಡೇ ಕೊಡ” ಅಂದರು. ಬಿಟ್ಟೆ. ಎರಡನೆಯದರಲ್ಲೂ ಅಂದರು, ಬಿಟ್ಟೆ. ಬೇಡುವವರ ಮುಂದೆ ನಿಲ್ಲಿಸಲು ನನಗೆ ಕೈ ಬರುವುದಿಲ್ಲ. ಕೊನೆಯ ಬೀದಿಗೆ ಹೋಗುವಷ್ಟರಲ್ಲಿ ಟ್ಯಾಂಕಿನ ತಳ ಕಂಡಿತ್ತು. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

“ನೀರಣ್ಣ ಅಂತ ಹೆಸರಿಟ್ಟೋರು ಆ ಬೀದಿಯೋರು. ಈ ಬೀದೀಲಿ ನಿಮ್ಮನ್ನ ಗಾಳಿಯಣ್ಣ ಅಂತೀವಿ. ನಲ್ಲೀಲಿ ಬರೋದು ಅದೊಂದೇ.”

ನಗು ಬಂತು. ಮನೆಗೆ ಬಂದು ಇವಳಿಗೆ ಹೇಳೋಣ ಎಂದು ಬಾಯಿ ತೆರೆದೆ.

ಜೂನ್ 17

ಭಾವಮೈದ ಫೋನ್ ಮಾಡಿದ್ದ.

“ಭಾವ, ಊಟ ಮಾಡ್ತಿದೀರಾ?”

“ಹೂಂ. ನಿಮ್ಮಕ್ಕ?”

“ಇದಾಳೆ. ಪಕ್ಕದಲ್ಲೇ ಕೂತಿದಾಳೆ. ಮಾತಾಡಲ್ವಂತೆ. ಗಿಡ ಹೇಗಿದೆ ಅಂತ ಕೇಳು ಅಂತಾಳೆ.”

“ಚೆನ್ನಾಗಿದೆ ಅನ್ನು. ದಿನಕ್ಕೆ ಎರಡು ಸಲ ನಾನೇ ನೋಡ್ಕೋತಿದೀನಿ ಅನ್ನು.”

ಅವನು ಆ ಕಡೆ ತಿರುಗಿ ಏನೋ ಕೇಳಿದ. ಮತ್ತೆ ಬಂದ. “ಎಲೆ ನೋಡಿದ್ರಾ ಅಂತ ಕೇಳ್ತಿದಾಳೆ.”

“ದಿನಾ ನೋಡ್ತೀನಪ್ಪ. ಕಣ್ಣಿಲ್ವಾ ನನಗೆ?”

“ನೋಡಿದಾರಂತೆ ಅಕ್ಕ” ಎಂದು ಅವನು ಹೇಳಿದ್ದು ಕೇಳಿಸಿತು. ಆಮೇಲೆ ಫೋನಿನಲ್ಲಿ ಬರೀ ಅವರ ಮನೆಯ ಫ್ಯಾನಿನ ಸದ್ದು. ಅಷ್ಟೊಂದು ದಿನದ ಮೇಲೆ ಅವಳು ಕೇಳಿದ ಮಾತು ಅದೊಂದೇ, ಅದಕ್ಕೂ ಸರಿಯಾಗಿ ಉತ್ತರ ಕೊಟ್ಟೆ ಎಂದು ಸಮಾಧಾನ. ಇವತ್ತು ಗಿಡಕ್ಕೆ ಒಂದು ಚೊಂಬು ಹೆಚ್ಚಿಗೆ.

ಜೂನ್ 28

ಕೆಳಗಿನ ಎರಡು ಎಲೆ ಹಳದಿಯಾಗಿವೆ. ಮುಟ್ಟಿದರೆ ಮೆತ್ತಗೆ. ಬಿಸಿಲು ಹೆಚ್ಚಾಗಿರಬೇಕು. ನೀರು ಇನ್ನೊಂದು ಚೊಂಬು ಸೇರಿಸಿದ್ದೇನೆ.

ಸಂಜೆ ಅದರ ಪಕ್ಕ ಕೂತು ಒಂದು ಕಥೆ ಹೇಳಿದೆ. ಮೂರು ಮಕ್ಕಳು ಏಳು ಕಾಡು ದಾಟಿ ಹೋಗುವುದು. ಪುಟ್ಟಿಗೆ ಇದನ್ನು ನೂರು ಸಲ ಹೇಳಿರಬೇಕು. ದೊಡ್ಡವಳಾದ ಮೇಲೆ ಅರ್ಧಕ್ಕೇ ತಡೆಯುತ್ತಿದ್ದಳು. “ಮೂರನೆಯವನು ಗೆಲ್ತಾನೆ, ಗೊತ್ತು ಬಿಡಪ್ಪ. ಒಂದ್ಸಲನಾದ್ರೂ ದೊಡ್ಡೋನು ಗೆಲ್ಲೋ ಕಥೆ ಕಟ್ಟು.” ಆಸ್ಪತ್ರೆಯಲ್ಲೂ ಕೇಳಿದಳು. ಮನೆಗೆ ಬಾ, ಕಟ್ಟಿ ಇಟ್ಟಿರುತ್ತೇನೆ ಅಂದೆ.

ಕಟ್ಟಿರಲಿಲ್ಲ.

ಜುಲೈ 1

ಮೂರು ದಿನದಿಂದ ಮಳೆ. ಗಿಡಕ್ಕೆ ಒಳ್ಳೆಯದಾಯಿತು.

ಜುಲೈ 5

ಹಾಳಾಯಿತು.

ಬೆಳಿಗ್ಗೆ ಕೆಲಸ ಮುಗಿಸಿ ಬಂದು ನೋಡಿದರೆ ಗಿಡ ಪೂರಾ ಮಗ್ಗುಲಿಗೆ ವಾಲಿದೆ. ನೆಟ್ಟಗೆ ಮಾಡೋಣವೆಂದು ಹಿಡಿದೆ. ಬುಡ ಕೈಗೇ ಬಂತು. ಬೇರಿನ ಜಾಗದಲ್ಲಿ ಕಪ್ಪಗೆ, ಬೆಂದ ಹಾಗೆ, ನಾರುವ ಗಸಿ. ಇಪ್ಪತ್ತಾರು ವರ್ಷ ಪೈಪು ಒಡೆದ ಗುಂಡಿಗಳಿಗೆ ಇಳಿದಿದ್ದೇನೆ, ನಿಂತ ನೀರಿನ ವಾಸನೆ ನನಗೆ ಗೊತ್ತು. ಮೂಗಿಗೆ ಹಿಡಿಯುವವರೆಗೂ ಗೊತ್ತಾಗಲಿಲ್ಲ.

ಊರಿನಲ್ಲಿ ಲೋಳೆಸರ ಬೆಳೆಸಿದ್ದನ್ನು ಪಂಕ್ಚರ್ ಅಂಗಡಿಯ ಮುಂದೆ ನೋಡಿದ್ದು ನೆನಪಾಯಿತು. ಅಂಗಡಿಯವನು ಹಳೇ ಟೈರುಗಳಲ್ಲಿ ಸಾಲಾಗಿ ಇಟ್ಟಿದ್ದಾನೆ. ಗಿಡವನ್ನು ಗೋಣಿಚೀಲದಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಓಡಿದೆ. ದಾರಿಯಲ್ಲಿ ಯಾರೋ ಮಗುವಿಗೆ ಹುಷಾರಿಲ್ವಾ ನೀರಣ್ಣ ಅಂದರು.

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಚೀಲ ಬಿಚ್ಚಿದೆ. ಅವನು ಗಿಡ ನೋಡಿದ, ನನ್ನ ಮುಖ ನೋಡಿದ.

“ದಿನಾ ನೀರು ಹಾಕಿದ್ರಾ?”

“ಎರಡು ಸಲ.”

“ಹದಿನೈದು ದಿನಕ್ಕೊಂದು ಸಲ ಹಾಕಿದ್ರೆ ಸಾಕಾಗಿತ್ತು ಮಾರಾಯ್ರೆ. ಮಳೆ ಬಂದ್ರೆ ಅದೂ ಬೇಡ. ಇದು ತನ್ನ ನೀರನ್ನ ತಾನೇ ಎಲೇಲಿ ಹೊತ್ಕೊಂಡಿರೋ ಪ್ರಾಣಿ. ಒಂಟೆಗೆ ಕೊಡ ಹೊರಿಸ್ದಂಗೆ ಮಾಡಿದೀರಿ.” ಆಮೇಲೆ ತಾನೇ ನಕ್ಕ. “ನೀವು ನೀರುಗಂಟಿ ಅಲ್ವಾ. ನಿಮ್ಮನ್ನ ಬೈದು ಏನು ಪ್ರಯೋಜನ. ಬೆಕ್ಕಿನ ಕೈಗೆ ಹಾಲು ಕೊಟ್ಟೋರನ್ನ ಬೈಬೇಕು.”

ನಾನು ನಗಲಿಲ್ಲ. ಇದು ಮಗಳದು, ಮಾರ್ಚ್‌ನಲ್ಲಿ ತೀರಿಕೊಂಡಳು ಅಂದೆ.

ಅವನ ಕೈಯಲ್ಲಿದ್ದ ಟ್ಯೂಬು ತೊಟ್ಟಿಗೆ ಜಾರಿತು. “ಪಂಕ್ಚರ್ ರಾಣಿಯದಾ?” ಅಂದ. ಮಗಳ ಸೈಕಲ್ಲಿನ ಹಿಂದಿನ ಚಕ್ರ ವಾರಕ್ಕೊಂದು ಸಲ ಕೂರುತ್ತಿತ್ತಂತೆ. ಅವನು ಪ್ಯಾಚ್ ಹಾಕುವಾಗ ಅವಳು ಟೈರಿನ ಗಿಡಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮರಿ ಎಣಿಸುತ್ತಿದ್ದಳಂತೆ. ಒಂದು ದಿನ ಒಂದು ಮರಿ ಕೇಳಿ ತೆಗೆದುಕೊಂಡು ಹೋದಳಂತೆ. ಅವಳು ಹೋದ ಸುದ್ದಿ ಅವನಿಗೆ ಗೊತ್ತಿತ್ತು. ನಾನು ಅವಳ ಅಪ್ಪ ಅನ್ನುವುದು ಗೊತ್ತಿರಲಿಲ್ಲ. ಆರು ವರ್ಷದಿಂದ ನನ್ನ ಸೈಕಲ್ಲಿಗೂ ಅವನೇ ಗಾಳಿ ಹಾಕುವುದು.

ಟ್ಯೂಬು ಕತ್ತರಿಸುವ ಚಾಕುವನ್ನು ಒರೆಸಿ, ಮೂರು ಮರಿಗಳನ್ನು ಬಿಡಿಸಿದ. ಮೂರರ ಬುಡಕ್ಕೂ ಕೊಳೆ ತಗುಲಿತ್ತು, ಬಿಳಿ ಮಾಂಸ ಕಾಣುವವರೆಗೆ ಕೊಯ್ದ. ಬೇರು ಪೂರ್ತಿ ಹೋಯಿತು. ತಾಯಿಗಿಡವನ್ನು ಉಳಿಸಲು ಆಗಲಿಲ್ಲ. ಒಳಗೆಲ್ಲ ನೀರಾಗಿತ್ತು.

“ಇವನ್ನ ಈಗಲೇ ನೆಡಬೇಡಿ. ನೆರಳಲ್ಲಿ ಒಣಗೋಕೆ ಬಿಡಿ. ಒಂದು ವಾರ, ಹತ್ತು ದಿನ. ಕೊಯ್ದ ಜಾಗ ಒಣಗಿ ಗಟ್ಟಿಯಾಗ್ಬೇಕು. ಟ್ಯೂಬಿಗೆ ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸಿದ್ರೆ ಹಿಡಿಯತ್ತಾ? ಅದು ಒಣಗೋವರೆಗೂ ಬೀಡಿ ಸೇದ್ಕೊಂಡು ಕೂತಿರಬೇಕು. ಅಷ್ಟೇ ವಿದ್ಯೆ.”

“ನಾನು ಬೀಡಿ ಸೇದಲ್ಲ.”

“ಹಾಗಾದ್ರೆ ಸುಮ್ನೆ ಕೂತ್ಕೊಳಿ.”

ಮನೆಗೆ ಬಂದು ತಾಯಿಗಿಡದ ಎಲೆಗಳನ್ನು ಬಚ್ಚಲ ಹತ್ತಿರ ಎಸೆಯಲು ಒಂದೊಂದೇ ಕೀಳುತ್ತಿದ್ದೆ. ಗೋಡೆ ಕಡೆಗೆ ಇದ್ದ ಒಂದು ದಪ್ಪ ಎಲೆಯ ಹಿಂಬದಿಗೆ ಬೆರಳಿಗೆ ಏನೋ ತಡೆಯಿತು. ತಿರುಗಿಸಿದೆ. ಸೂಜಿಯಿಂದ ಚುಚ್ಚಿ ಬರೆದದ್ದು, ಗಾಯ ಒಣಗಿ ಕಂದು ಅಕ್ಷರಗಳಾಗಿದ್ದವು. ಅವಳ ಅಕ್ಷರವೇ.

ಅಪ್ಪ, ನೀರು ಬೇಡ.

ಜುಲೈ 6

ಕೆಲಸಕ್ಕೆ ಹೋಗಲಿಲ್ಲ.

ಜುಲೈ 7

ಹೋಗಲಿಲ್ಲ. ಮಧ್ಯಾಹ್ನ ಬಾಗಿಲ ಮುಂದೆ ಕೊಡಗಳ ಸದ್ದು. ನೀರಣ್ಣ, ನೀರಣ್ಣ ಎಂದು ಕೂಗಿದರು. ಕಚೇರಿಯಿಂದ ಬೇರೆ ಯಾರನ್ನೋ ಕಳಿಸಿದರಂತೆ, ಅವನಿಗೆ ಯಾವ ವಾಲ್ವ್ ಯಾವ ಬೀದಿಯದು ಗೊತ್ತಾಗಲಿಲ್ಲವಂತೆ.

ಬೇಡ ಎಂದು ಬರೆದಿಟ್ಟಿದ್ದಳು. ನನಗೆ ಅಂತಲೇ ಬರೆದಿಟ್ಟಿದ್ದಳು. ಎಲೆ ನೋಡಿದ್ರಾ ಎಂದು ಇವಳು ಕೇಳಿದ್ದು ಅದನ್ನು. ನಾನು ಕಣ್ಣಿಲ್ವಾ ಎಂದೆ.

ಜುಲೈ 8

ಕೆಲಸಕ್ಕೆ ಹೋದೆ. ನಾಲ್ಕು ಗಂಟೆ, ಹದಿನೈದು ಬೀದಿ. ಷರಾ ಏನೂ ಇಲ್ಲ.

ಜುಲೈ 9

ಮೂರು ಮರಿಗಳನ್ನು ಅಡುಗೆಮನೆಯ ಗೂಡಿನಲ್ಲಿ ಹಳೇ ಪೇಪರಿನ ಮೇಲೆ ಮಲಗಿಸಿದ್ದೇನೆ. ಬೇರಿಲ್ಲ, ಮಣ್ಣಿಲ್ಲ, ನೀರಿಲ್ಲ. ನೋಡಲಾಗುವುದಿಲ್ಲ. ಆಸ್ಪತ್ರೆಯ ಮಂಚ ನೆನಪಾಗುತ್ತದೆ.

ತಡೆಯಲಿಲ್ಲ. ದೊಡ್ಡ ಮರಿಯನ್ನು ಅವಳ ಕುಂಡದಲ್ಲೇ ಹೊಸ ಮಣ್ಣು ಹಾಕಿ ನೆಟ್ಟೆ. ಬಾಟಲಿಯ ಮುಚ್ಚಳದಲ್ಲಿ ಅಳೆದು ಒಂದೇ ಮುಚ್ಚಳ ನೀರು. ಒಂದು ಮುಚ್ಚಳದಿಂದ ಏನಾಗುತ್ತದೆ?

ಜುಲೈ 11

ಎರಡು ಮುಚ್ಚಳ.

ಜುಲೈ 16

ದೊಡ್ಡ ಮರಿ ಹೋಯಿತು. ತಾಯಿಯ ಹಾಗೇ, ಬುಡದಿಂದ.

ಸಂಜೆ ಭಾವಮೈದನ ಫೋನು. ಗಿಡ ಹೇಗಿದೆ ಭಾವ ಅಂದ. ಚೆನ್ನಾಗಿದೆ ಅಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಆಡಿದ್ದು ನಾನೇನಾ ಎಂದು ಹಿಂದೆ ತಿರುಗಿ ನೋಡಿದೆ.

ಮಗಳು ಕೇಳಿದ ಕಥೆಯಲ್ಲೂ ದೊಡ್ಡವನು ಗೆಲ್ಲಲಿಲ್ಲ.

ಜುಲೈ 17

ಅಕ್ಷರದ ಎಲೆ ಬಾಡುತ್ತಿದೆ. ಅದನ್ನು ನೆಟ್ಟರೆ ಬೇರು ಬಿಡುತ್ತದೆಯೇ ಎಂದು ಪಂಕ್ಚರ್ ಅಂಗಡಿಯವನನ್ನು ಕೇಳಿದೆ. “ಈ ಗಿಡದ ಎಲೆ ಬೇರು ಬಿಡಲ್ಲ. ಮರಿ ಮಾತ್ರ. ಎಲೆ ನೆಟ್ಟರೆ ಗೊಬ್ಬರ ಆಗತ್ತೆ, ಅಷ್ಟೇ.” ಏನು ಬರೆದಿದೆ ಎಂದು ಓದಿ ನೋಡಿದ. ಎಲೆಯನ್ನು ಸೀಳಿ, ಒಳಗಿನ ಲೋಳೆಯನ್ನೆಲ್ಲ ಚಾಕುವಿನ ಬೆನ್ನಿನಿಂದ ಕೆರೆದು ತೆಗೆದ. ಸಿಪ್ಪೆ ಉಳಿಯಿತು. ಪುಸ್ತಕದಲ್ಲಿಟ್ಟು ಮೇಲೆ ಭಾರ ಹೇರಿ ಅಂದ. ಈ ಪುಸ್ತಕದ ಕೊನೆಯ ಹಾಳೆಗಳ ನಡುವೆ ಇಟ್ಟಿದ್ದೇನೆ. ಮೇಲೆ ವಾಲ್ವ್ ಕೀಲಿ.

ಎರಡನೆಯ ಮರಿಯ ಕೊಯ್ದ ಜಾಗ ಒಣಗಿ ಹಿಮ್ಮಡಿಯ ಹಾಗೆ ಗಟ್ಟಿಯಾಗಿದೆ. ಅರ್ಧ ಮರಳು, ಅರ್ಧ ಮಣ್ಣು ಬೆರೆಸಿ ನೆಟ್ಟೆ. ನೀರು ಇಲ್ಲ.

ಜುಲೈ 20

ಬೇರು ಬಂತೋ ಇಲ್ಲವೋ. ಸ್ವಲ್ಪ ಮೇಲಕ್ಕೆತ್ತಿ ನೋಡಿ ಮತ್ತೆ ಇಟ್ಟೆ. ಇಲ್ಲ.

ಜುಲೈ 21

ಎತ್ತಿ ನೋಡಿದೆ. ಇಲ್ಲ.

ಜುಲೈ 29

ಬಂದಿತ್ತು! ದಾರದಷ್ಟು ತೆಳ್ಳಗೆ, ಒಂದೇ ಒಂದು. ನೋಡಿ ಮತ್ತೆ ಮರಳಿಗೆ ಇಳಿಸುವಾಗ ಅದು ಮುರಿಯಿತು. ಬುಡದ ಒಣಗಿದ ತುಂಡೂ ಕಿತ್ತು ಬಂತು.

“ಕಾವಿಗೆ ಇಟ್ಟ ಮೊಟ್ಟೆ ಒಡೆದು ನೋಡಿದ್ರೆ ಮರಿ ಬೆಳೆದಿತ್ತಾ ಇಲ್ವಾ ಗೊತ್ತಾಗತ್ತೆ” ಅಂದ ಪಂಕ್ಚರ್ ಅಂಗಡಿಯವನು. “ಮರಿ ಇರಲ್ಲ, ಅಷ್ಟೇ.”

ಆಗಸ್ಟ್ 1

ಎರಡನೆಯದೂ ಹೋಯಿತು.

ಆಗಸ್ಟ್ 3

ಭಾವಮೈದನ ಫೋನು. ಇವಳು ಹನ್ನೊಂದನೇ ತಾರೀಖು ಬರುತ್ತಾಳಂತೆ. ಕುಂಡ ತೆಗೆದುಕೊಂಡು ಸಂಜೆಯ ಬಸ್ಸಿಗೆ ವಾಪಸು.

“ಭಾವ, ಒಂದು ಮಾತು. ಅಕ್ಕ ಇಲ್ಲಿ ಏನನ್ನೂ ಮಾತಾಡಲ್ಲ. ಆ ಗಿಡದ ಮಾತು ಬಂದಾಗ ಮಾತ್ರ ಮುಖ ಎತ್ತುತಾಳೆ. ಕಿಟಕಿ ಹತ್ರ ಜಾಗ ಮಾಡಿಟ್ಟಿದಾಳೆ.”

“ಆಗಲಪ್ಪ.”

“ಚೆನ್ನಾಗಿದೆ ತಾನೆ?”

“ಹೂಂ.”

ಫೋನ್ ಇಟ್ಟು ಗೂಡಿನ ಕಡೆ ನೋಡಿದೆ. ಮೂರನೆಯ ಮರಿ ಪೇಪರಿನ ಮೇಲೆ ಮಲಗಿ ನಾಲ್ಕು ವಾರ. ಸುಕ್ಕಾಗಿ, ಕಂದಿ, ನನ್ನ ಕಿರುಬೆರಳಿಗಿಂತ ಸಣ್ಣದಾಗಿದೆ. ಕಥೆಯಲ್ಲಾದರೆ ಇನ್ನು ಮೂರನೆಯವನ ಸರದಿ, ಗೆದ್ದೇ ಗೆಲ್ಲುತ್ತಾನೆ. ಇದು ಕಥೆಯಲ್ಲ. ಕಥೆಯಲ್ಲಿ ಅಪ್ಪ ಎರಡನ್ನು ಕೈಯಾರೆ ಕೊಲ್ಲುವುದಿಲ್ಲ.

ಮಗಳ ಬಟ್ಟೆ ಇದ್ದಿದ್ದರೆ ಒಂದು ಬಟ್ಟೆ ಕೊಡಬಹುದಿತ್ತು. ಪುಸ್ತಕ ಇದ್ದಿದ್ದರೆ ಪುಸ್ತಕ. ಈ ಮನೆಯಲ್ಲಿ ಅವಳದು ಅನ್ನುವುದು ಇನ್ನೇನೂ ಇಲ್ಲ. ನಾನೇ ಒಂದೊಂದಾಗಿ ಖಾಲಿ ಮಾಡಿದೆ, ಟ್ಯಾಂಕಿನ ತಳದ ಕೆಸರನ್ನೂ ಬಿಡದೆ.

ಆಗಸ್ಟ್ 5

ಪಂಕ್ಚರ್ ಅಂಗಡಿಯವನಿಗೆ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಟೈರುಗಳ ಕಡೆ ನೋಡಿ, ಒಂದನ್ನು ಎಬ್ಬಿಸಿ ಕೊಟ್ಟ. ಮೊಣಕೈ ಎತ್ತರ, ಹಸಿರು ತುಂಬಿದ ಗಿಡ, ಬುಡದಲ್ಲಿ ಮರಿಗಳೂ ಇವೆ.

“ಅವಳ ಮರಿ ಹುಟ್ಟಿದ ತಾಯೀದೇ ಇದು, ಇನ್ನೊಂದು ಮಗು. ರಕ್ತ ಒಂದೇ. ಅವಳ ಕುಂಡದಲ್ಲಿ ಇಟ್ಟುಬಿಡಿ. ಸುಳ್ಳು ಅಂತಲೂ ಅಲ್ಲ, ನಿಜ ಅಂತಲೂ ಅಲ್ಲ. ಆ ತಾಯಿ ಮುಖ ಎತ್ತುತಾಳೆ ಅಂದ್ರಲ್ಲ, ಅಷ್ಟು ಸಾಕು.”

ತಂದು ಇಟ್ಟೆ. ಗೋಡೆಗೆ ಒತ್ತಿ, ಮೊದಲು ಹೇಗಿತ್ತೋ ಹಾಗೆ. ದೂರ ನಿಂತು ನೋಡಿದೆ. ಹೆತ್ತಮ್ಮನಿಗೂ ಗೊತ್ತಾಗಲಿಕ್ಕಿಲ್ಲ. ಎಲೆ ಎಲ್ಲಿ ಎಂದರೆ, ಹಳೆಯದಾಗಿ ಉದುರಿತು ಅನ್ನಬಹುದು. ಹಳೇ ಎಲೆ ಉದುರುವುದು ಲೋಕದ ನಿಯಮ.

ಮೂರನೆಯ ಮರಿಯನ್ನು ಎಸೆಯಲು ಕೈಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಹೋದೆ. ಎಸೆಯಲಿಲ್ಲ. ತಳಕ್ಕೆ ಮೊಳೆಯಿಂದ ತೂತು ಹೊಡೆದ ಸಣ್ಣ ಪೇಂಟ್ ಡಬ್ಬಿಯಲ್ಲಿ ಮರಳು ಹೆಚ್ಚಾಗಿ ಹಾಕಿ, ನಿಲ್ಲಿಸಿಬಿಟ್ಟೆ. ಗೂಡಿನ ಮೂಲೆಗೆ ತಳ್ಳಿದೆ, ಕಣ್ಣಿಗೆ ಬೀಳದ ಹಾಗೆ. ಸತ್ತರೆ ಅಲ್ಲೇ ಸಾಯಲಿ, ನನ್ನ ಕೈಯಿಂದ ಬೇಡ.

ಆಗಸ್ಟ್ 8

ಮೊದಲ ಬೀದಿಯಲ್ಲಿ ಇನ್ನೊಂದು ಹತ್ತು ನಿಮಿಷ ಅಂದರು. ಕೀಲಿ ತಿರುಗಿಸಿ ನೀರು ನಿಲ್ಲಿಸಿ ಹೊರಟೆ. ಹಿಂದಿನಿಂದ ಬೈದರು. ಬಟ್ಟೆ ಹೊಲಿಯುವ ಹೆಂಗಸು ತನ್ನ ಬೀದಿಯಲ್ಲಿ ನಲ್ಲಿಯ ರಭಸಕ್ಕೆ ಕೊಡ ಉರುಳಿತು ಎಂದು ಅದಕ್ಕೂ ಬೈದಳು.

ರೇಡಿಯೋದ ಸೆಲ್ಲು ಮುಗಿದು ಎಷ್ಟು ದಿನವಾಯಿತೋ. ತರಬೇಕು.

ಆಗಸ್ಟ್ 11

ಹನ್ನೊಂದೂವರೆಗೆ ಬಂದಳು. ತೆಳ್ಳಗಾಗಿದ್ದಾಳೆ. ಕೈಯಲ್ಲಿ ಒಂದು ಖಾಲಿ ಚೀಲ, ಒಳಗೆ ಹಳೇ ಪೇಪರು ಮಡಿಸಿ ಹಾಸಿದ್ದಳು, ಕುಂಡ ಅಲ್ಲಾಡಬಾರದೆಂದು. ನಾನು ಚಹಾ ಅಂದೆ. ಬೇಡ ಅಂದಳು. ನೇರ ಹಿತ್ತಿಲಿಗೆ ಹೋದಳು.

ಗಿಡ ನೋಡಿ ಅವಳ ಮುಖ ಅರಳಿತು. ಸುಳ್ಳು ಹೇಳುವುದಿಲ್ಲ, ಮಾರ್ಚ್ ತಿಂಗಳ ಮೇಲೆ ಆ ಮುಖವನ್ನು ನಾನು ನೋಡಿರಲಿಲ್ಲ. “ಎಷ್ಟು ಚೆನ್ನಾಗಿ ಇಟ್ಟಿದೀರಿ” ಅಂದಳು. ಮೆಟ್ಟಿಲ ಮೇಲೆ ಕೂತು, ಕಣ್ಣು ಹಾಯಿಸದೇ, ಕೈಯನ್ನು ಗಿಡದ ಹಿಂದಕ್ಕೆ ಹಾಕಿ ಗೋಡೆ ಕಡೆಯ ಎಲೆಯನ್ನು ಸವರಿದಳು. ಕುರುಡರು ಮನೆಯ ಚಿಲಕ ಹುಡುಕುವ ಹಾಗೆ. ಒಂದು ಎಲೆ. ಪಕ್ಕದ್ದು. ಅದರ ಪಕ್ಕದ್ದು.

ಉದುರಿತು ಎಂದು ಹೇಳಲು ಬಾಯಿ ತೆರೆದೆ. ಆ ಮಾತನ್ನು ಆರು ದಿನದಿಂದ ತಿದ್ದಿ ಇಟ್ಟುಕೊಂಡಿದ್ದೆ.

“ಇದು ಅವಳದಲ್ಲ” ಅಂದೆ. “ಅವಳದನ್ನ ನಾನು ನೀರು ಹಾಕಿ ಹಾಕಿ ಕೊಂದೆ. ಎಲೆ ನೋಡಿರಲಿಲ್ಲ. ಕೊಳೆತ ಮೇಲೆ ನೋಡಿದೆ.”

ಅವಳ ಕೈ ಗಿಡದ ಹಿಂದೆಯೇ ನಿಂತಿತು. ಅಳುತ್ತಾಳೆ, ಎದ್ದು ಹೋಗುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಏನೂ ಮಾಡಲಿಲ್ಲ. ನಾನೂ ಮೇಲಿನ ಮೆಟ್ಟಿಲಲ್ಲಿ ಕೂತೆ. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆದು ಮುಗಿಸಿ, ಹಿಂಡಿ, ಹರಡಿ, ಒಳಗೆ ಹೋದರು. ಎಷ್ಟು ಹೊತ್ತು ಕೂತಿದ್ದೆವೋ. ಗಡಿಯಾರ ನೋಡಲಿಲ್ಲ.

“ಬರೆಯೋಕೆ ಪಿನ್ನು ನಾನೇ ಕೊಟ್ಟಿದ್ದು” ಅಂದಳು ಕೊನೆಗೆ. “ನನ್ನ ಸೆರಗಿಂದ ತೆಗೆದು. ಅಪ್ಪನ ಕಣ್ಣಿಗೆ ಒಂದಿನ ಇದು ಬಿದ್ದೇ ಬೀಳತ್ತೆ, ಹುಯ್ದು ಕೊಲ್ತಾನೆ ಅಂತ ನಗ್ತಾ ಬರೆದಳು. ಈ ಕಡೆ ಬರಿಯೇ, ಕಾಣಿಸತ್ತೆ ಅಂದೆ. ಇಲ್ಲಮ್ಮ, ಅಪ್ಪ ಗಿಡದ ಹತ್ರ ಒಂದು ನಿಮಿಷ ಸುಮ್ನೆ ಕೂತ್ರೆ ಕಾಣ್ಲಿ, ಇಲ್ದಿದ್ರೆ ಬೇಡ ಅಂದಳು.”

ಪುಸ್ತಕ ತಂದು ಸಿಪ್ಪೆ ಇಟ್ಟ ಹಾಳೆ ತೆರೆದು ಅವಳ ತೊಡೆಯ ಮೇಲಿಟ್ಟೆ. ಸಿಪ್ಪೆ ಈಗ ಕಾಗದದಷ್ಟು ತೆಳು. ಅಕ್ಷರಗಳು ಹತ್ತಿರ ಹತ್ತಿರ ಬಂದು ಮುದುಡಿವೆ, ಗೊತ್ತಿದ್ದವರು ಮಾತ್ರ ಓದಬಹುದು. ಬೆರಳಿಟ್ಟು ಓದಿದಳು. ಆಮೇಲೆ ಹಿಂದಿನ ಹಾಳೆಗಳನ್ನು ನೋಡಿ, “ಏನಿಷ್ಟು ಬರೆದಿದೀರಿ?” ಅಂದಳು.

“ಷರಾ.”

ಓದಲಿಲ್ಲ. ಮುಚ್ಚಿ ಕೊಟ್ಟಳು.

ನೀರು ಕುಡಿಯಲು ಅಡುಗೆಮನೆಗೆ ಹೋದವಳು ಪೇಂಟ್ ಡಬ್ಬಿ ಹಿಡಿದುಕೊಂಡು ಬಂದಳು. “ಇದೇನು?”

“ಅವಳ ಗಿಡದ ಮರಿ. ಮೂರರಲ್ಲಿ ಉಳಿದಿದ್ದು ಅದೊಂದು.”

“ಬದುಕಿದೆಯಾ?”

“ಗೊತ್ತಿಲ್ಲ.”

“ಯಾವಾಗ ಗೊತ್ತಾಗತ್ತೆ?”

“ತಿಂಗಳಾಗಬಹುದು. ಎರಡಾಗಬಹುದು. ಅಲ್ಲಿವರೆಗೂ ಅಲ್ಲಾಡಿಸಬಾರದಂತೆ.”

ಅವಳು ಡಬ್ಬಿಯನ್ನು ನೋಡಿದಳು, ಕೆಳಗಿಟ್ಟ ಚೀಲವನ್ನು ನೋಡಿದಳು. ಬಸ್ಸಿನಲ್ಲಿ ಐದು ಗಂಟೆ. ಆ ರಸ್ತೆ ಹೇಗಿದೆ ಎಂದು ನಮ್ಮಿಬ್ಬರಿಗೂ ಗೊತ್ತು. ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ಹೆಜ್ಜೆ ಎತ್ತದೆ ಜಾರಿಸಿಕೊಂಡು ಹೋಗಿ, ಇದ್ದ ಮೂಲೆಯಲ್ಲೇ ಇಟ್ಟಳು. ಆಮೇಲೆ ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬರೀ ನೆಲದ ಮೇಲೆ ಮಲಗಿದಳು. ಮಂಚವನ್ನೂ ನಾನು ಕೊಟ್ಟುಬಿಟ್ಟಿದ್ದೇನೆ.

ಸಂಜೆಯ ಬಸ್ಸಿನ ಹೊತ್ತಾಯಿತು. ಹೇಳಬೇಕೆನಿಸಿತು, ಹೇಳಲಿಲ್ಲ. ಬಾಗಿಲ ಹತ್ತಿರ ಎರಡು ಸಲ ಹೋಗಿ ಎರಡು ಸಲ ವಾಪಸು ಬಂದೆ.

ಆಗಸ್ಟ್ 12

ಬೀದಿ: ಅಡುಗೆಮನೆಯ ಗೂಡು.

ಬಿಟ್ಟ ಸಮಯ: ಖಾಲಿ.

ನಿಲ್ಲಿಸಿದ ಸಮಯ: ಖಾಲಿ.

ಷರಾ: ನೀರು ಬಿಟ್ಟಿಲ್ಲ. ಮರಿ ಹಾಗೇ ಇದೆ, ಸುಕ್ಕು ಸುಕ್ಕಾಗಿ. ಖಾಲಿ ಚೀಲ ಬಾಗಿಲ ಮೊಳೆಗೆ ತೂಗಿದೆ. ಕೋಣೆಯ ಬಾಗಿಲು ಇನ್ನೂ ಹಾಕಿದೆ. ಕೆಲಸದಿಂದ ಬಂದು ಒಂದೇ ಲೋಟ ಚಹಾ ಮಾಡಿ ಕುಡಿದೆ. ಇನ್ನೊಂದು ಲೋಟಕ್ಕೆ ಸಕ್ಕರೆ, ಚಹಾಪುಡಿ ಅಳೆದು ಪಕ್ಕದಲ್ಲಿ ಮುಚ್ಚಿಟ್ಟಿದ್ದೇನೆ. ಒಲೆ ಹಚ್ಚಿಲ್ಲ.